ಮನೆಯಲ್ಲಿ ಮುದ್ರಿಸಿದ ಭಾವಚಿತ್ರ ಮಂಕಾಗುವುದೇಕೆ?

ಮನೆಯಲ್ಲೊಂದು ಮುದ್ರಣಯಂತ್ರವಿರುವುದು ಈಗ ಅತಿಶಯದ ಮಾತಲ್ಲ. ೨೦೨೦ರಲ್ಲಿ ಶಾಲೆಗಳು ಬಾಗಿಲು ಮುಚ್ಚಿ ಪಾಠಗಳೆಲ್ಲ ಫೋನಿನ ಪರದೆಯನ್ನೇರಿದಾಗ, ಮಕ್ಕಳ ಅಭ್ಯಾಸದ ಹಾಳೆಗಳಿಗೆಂದು ಬೆಂಗಳೂರು ಮೈಸೂರುಗಳ ಎಷ್ಟೋ ಸಂಸಾರಗಳು ಇಂಕ್‌ಜೆಟ್ ಪ್ರಿಂಟರನ್ನು ಕೊಂಡುವು. ಶಾಲೆಗಳು ಮತ್ತೆ ತೆರೆದುವು. ಯಂತ್ರ ಮಾತ್ರ ಮೇಜಿನ ಮೂಲೆಯಲ್ಲಿ ಕಸೂತಿಯ ಬಟ್ಟೆಯೊಂದನ್ನು ಹೊದ್ದು ಉಳಿದುಕೊಂಡಿತು. ಆಧಾರ್ ಕಾರ್ಡಿನ ನಕಲು, ರೈಲಿನ ಟಿಕೆಟ್ಟು, ಲಲಿತಾಸಹಸ್ರನಾಮದ ನಾಲ್ಕು ಪುಟ, ಇಷ್ಟಕ್ಕೆ ಅದು ತಕರಾರಿಲ್ಲದೆ ದುಡಿಯುತ್ತದೆ. ತಕರಾರು ಏಳುವುದು ಭಾವಚಿತ್ರವೊಂದನ್ನು ಅದಕ್ಕೆ ಒಪ್ಪಿಸಿದ ದಿನ. ಫೋನಿನಲ್ಲಿ ನಗುತ್ತಿದ್ದ ಮುಖ ಕಾಗದದ ಮೇಲೆ ಕಾಮಾಲೆ ಹಿಡಿದವರ ಮುಖವಾಗಿ ಹೊರಬರುತ್ತದೆ. ಇಲ್ಲವೆ ಕೆನ್ನೆಯ ಮೇಲೆ ಬಾಚಣಿಗೆ ಎಳೆದಂತೆ ಬಿಳಿಯ ಗೆರೆಗಳು ಕಾಣಿಸುತ್ತವೆ. ಇಲ್ಲವೆ ರೇಷ್ಮೆ ಸೀರೆಯ ಅಂಚು, ಸೆರಗು, ಹಿಂದಿನ ಬಾಗಿಲು ಎಲ್ಲವೂ ಸೇರಿ ಒಂದೇ ಕಪ್ಪು ಮುದ್ದೆಯಾಗುತ್ತವೆ.

ಆಗ ಮನೆಮಂದಿಗೆ ತೋಚುವ ಉಪಾಯಗಳು ಎರಡೇ. ಒಂದು, ಅದೇ ಚಿತ್ರವನ್ನು ಮತ್ತೊಂದು ಹೊಸ ಹಾಳೆಯ ಮೇಲೆ ಮುದ್ರಿಸಿ ನೋಡುವುದು. ಇನ್ನೊಂದು, ‘ಹೆಡ್ ಕ್ಲೀನಿಂಗ್’ ಎಂಬ ಆಜ್ಞೆಯನ್ನು ಒಂದರ ಹಿಂದೊಂದರಂತೆ ನಾಲ್ಕೈದು ಬಾರಿ ಕೊಡುವುದು. ಎರಡೂ ದುಬಾರಿಯ ಉಪಾಯಗಳೇ. ಹೊಳಪಿನ ಕಾಗದ ಪುಕ್ಕಟೆ ಬರುವುದಿಲ್ಲ. ಇನ್ನು, ಶುದ್ಧಿಗೆಂದು ಹರಿದ ಶಾಯಿ ಯಂತ್ರದ ಹೊಟ್ಟೆಯಲ್ಲಿರುವ ಹೀರುವ ಮೆತ್ತೆಯನ್ನು ಸೇರುತ್ತದೆಯೇ ಹೊರತು ಹಿಂದಿರುಗಿ ಬಾರದು. ಅನೇಕ ಯಂತ್ರಗಳು ಎಷ್ಟು ಶಾಯಿ ಆ ಮೆತ್ತೆಗೆ ಹೋಯಿತೆಂಬುದರ ಲೆಕ್ಕವಿಡುತ್ತವೆ. ಲೆಕ್ಕ ತುಂಬಿದ ದಿನ ಕೆಲಸವನ್ನೇ ನಿಲ್ಲಿಸಿಬಿಡುತ್ತವೆ. ನಾಡಿ ನೋಡದೆ ಮದ್ದು ಅರೆದುದರ ಫಲ ಇದು. ಚಿತ್ರ ಕೆಡುವುದಕ್ಕೆ ಕಾರಣ ಮೂರು ಕಡೆ ಅಡಗಿರಬಹುದು: ಯಂತ್ರದ ಸೂಕ್ಷ್ಮರಂಧ್ರಗಳಲ್ಲಿ, ಕಾಗದದಲ್ಲಿ, ಇಲ್ಲವೆ ಚಿತ್ರದಲ್ಲಿಯೇ. ಎಲ್ಲರೂ ದೂರುವುದು ಮೊದಲನೆಯದನ್ನು. ಉಳಿದೆರಡರ ಕಡೆಗೆ ಕಣ್ಣು ಹೊರಳುವುದೇ ಅಪರೂಪ.

ಯಂತ್ರದ ಒಳಗುಟ್ಟು ತಿಳಿಯದೆ ಅದರ ಕಾಯಿಲೆ ತಿಳಿಯದು. ಎಲ್ಲರೂ ‘ಹೆಡ್’ ಎಂದು ಕರೆಯುವ ಭಾಗದಲ್ಲಿ ಕೂದಲೆಳೆಗಿಂತ ಸಪೂರವಾದ ನೂರಾರು ರಂಧ್ರಗಳಿವೆ. ಹೆಡ್ಡು ಕಾಗದದ ಮೇಲೆ ಅತ್ತಿಂದಿತ್ತ ಓಡಾಡುವಾಗ ಈ ರಂಧ್ರಗಳಿಂದ ಸಾಮಾನ್ಯವಾಗಿ ನಾಲ್ಕು ಬಣ್ಣದ ಶಾಯಿ ಹನಿಹನಿಯಾಗಿ ಸಿಡಿಯುತ್ತದೆ: ಸಯಾನ್ ಎಂಬ ತಿಳಿನೀಲಿ, ಮೆಜೆಂಟಾ ಎಂಬ ಕಡುಗುಲಾಬಿ, ಹಳದಿ ಮತ್ತು ಕಪ್ಪು. ಹನಿಯನ್ನು ಸಿಡಿಸುವ ಬಗೆ ಎರಡು. ಕೆಲವು ಯಂತ್ರಗಳಲ್ಲಿ ರಂಧ್ರದ ಬಳಿಯ ಪುಟ್ಟ ತಾಪಕ ಕಣ್ಣೆವೆಯಿಕ್ಕುವುದಕ್ಕಿಂತ ಮೊದಲೇ ಕಾದು, ಶಾಯಿಯಲ್ಲಿ ಗುಳ್ಳೆಯೆಬ್ಬಿಸಿ ಹನಿಯನ್ನು ಹೊರದೂಡುತ್ತದೆ. ಇನ್ನು ಕೆಲವುಗಳಲ್ಲಿ ವಿದ್ಯುತ್ತು ತಾಗಿದೊಡನೆ ಬಾಗುವ ಹರಳಿನ ಪದರವೊಂದು ಶಾಯಿಯನ್ನು ಒತ್ತುತ್ತದೆ. ಮೊದಲನೆಯ ಬಗೆಗೆ ದಾರಿ ತೋರಿದ್ದು ಒಂದು ಆಕಸ್ಮಿಕ. ೧೯೭೭ರಲ್ಲಿ ಜಪಾನಿನ ಕ್ಯಾನನ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಕಾದ ಬೆಸುಗೆಕಡ್ಡಿಯೊಂದು ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಗುಲಿ, ಶಾಯಿ ಚಿಮ್ಮಿತು. ನೋಡಿದವರು ಮೇಜನ್ನು ಒರೆಸಿ ಸುಮ್ಮನಾಗಲಿಲ್ಲ. ಅದಕ್ಕೂ ಬಹಳ ಮೊದಲೇ, ೧೯೫೧ರಲ್ಲಿ, ಸೂಕ್ಷ್ಮವಾದ ಶಾಯಿಧಾರೆಯಿಂದ ಗೆರೆ ಬರೆಯುವ ಉಪಕರಣಕ್ಕೆ ಪೇಟೆಂಟು ಪಡೆದಿದ್ದವರು ಸ್ವೀಡನ್ನಿನ ರೂನೆ ಎಲ್ಮ್‌ಕ್ವಿಸ್ಟ್. ೧೯೫೮ರಲ್ಲಿ ಮನುಷ್ಯನ ದೇಹದೊಳಗೆ ಅಳವಡಿಸಿದ ಮೊಟ್ಟಮೊದಲ ಪೇಸ್‌ಮೇಕರನ್ನು ನಿರ್ಮಿಸಿದವರೂ ಅವರೇ. ಹೃದಯಕ್ಕೂ ಈ ಶಾಯಿಗೂ ಆಗಿನಿಂದಲೇ ನಂಟು ಬೆಳೆದಿತ್ತೆನ್ನಬಹುದು.

ಹನಿಯ ಗಾತ್ರವನ್ನು ಪಿಕೋಲೀಟರಿನಲ್ಲಿ ಎಣಿಸುತ್ತಾರೆ. ಮೂರು ಪಿಕೋಲೀಟರಿನ ಹನಿಯೆಂದು ಹಿಡಿದರೆ ಒಂದು ಮಿಲಿಲೀಟರ್ ಶಾಯಿಯಲ್ಲಿ ಸುಮಾರು ೩೩ ಕೋಟಿ ಹನಿಗಳಾದುವು. ದೇವತೆಗಳ ಲೆಕ್ಕಕ್ಕೆ ಸರಿಹೋಯಿತು! ಇಷ್ಟು ಸಣ್ಣ ಹನಿ ಹೊರಡುವ ಬಾಯಲ್ಲಿ ಶಾಯಿ ತುಸು ಒಣಗಿದರೂ ಸಾಕು, ದಾರಿ ಮುಚ್ಚಿತು. ತಿಂಗಳುಗಟ್ಟಲೆ ಬಟ್ಟೆ ಹೊದ್ದು ಕುಳಿತ ಯಂತ್ರಕ್ಕೆ ಬರುವ ಮೊದಲ ಕಾಯಿಲೆ ಇದೇ.

ಇದನ್ನು ತಿಳಿಯುವ ಪರೀಕ್ಷೆ ಸುಲಭ. ಪ್ರಿಂಟರಿನ ನಿರ್ವಹಣೆಯ ಪಟ್ಟಿಯಲ್ಲಿ ‘ನಾಜಲ್ ಚೆಕ್’ ಎಂಬುದೊಂದಿರುತ್ತದೆ. ಅದಕ್ಕೆ ಫೋಟೋ ಕಾಗದ ಬೇಡ, ಸಾಮಾನ್ಯ ಬಿಳಿಯ ಹಾಳೆ ಸಾಕು. ಪ್ರತಿಯೊಂದು ಬಣ್ಣದಲ್ಲಿಯೂ ಮೆಟ್ಟಿಲು ಮೆಟ್ಟಿಲಾದ ಸಣ್ಣ ಗೆರೆಗಳೋ ಒಂದೇ ಸಮನಾದ ಪಟ್ಟಿಯೋ ಮೂಡಿಬರುತ್ತದೆ. ಮೆಟ್ಟಿಲೊಂದು ಬಿಟ್ಟುಹೋಗಿದ್ದರೆ, ಪಟ್ಟಿಯ ನಡುವೆ ಬಿಳಿಯ ಸೀಳು ಕಂಡರೆ, ಅಲ್ಲಿಯ ರಂಧ್ರ ಕಟ್ಟಿದೆಯೆಂದು ಅರ್ಥ. ಹಳದಿಯ ಗೆರೆಗಳು ವಿದ್ಯುದ್ದೀಪದಲ್ಲಿ ಕಣ್ಣು ತಪ್ಪಿಸುತ್ತವೆ. ಕಿಟಕಿಯ ಬಳಿ ಹಿಡಿದು ನೋಡಬೇಕು. ಮುಖದ ಬಣ್ಣವೇ ಕೆಟ್ಟಿದ್ದರೆ ಅದೂ ಒಂದು ಸುಳಿವು. ಮೆಜೆಂಟಾ ನಿಂತರೆ ಮುಖ ಹಸಿರುಗಟ್ಟುತ್ತದೆ, ಸಯಾನ್ ನಿಂತರೆ ಕೆಂಪೇರುತ್ತದೆ, ಹಳದಿ ನಿಂತರೆ ನೀಲಿಯ ಛಾಯೆ ಕವಿಯುತ್ತದೆ.

ರಂಧ್ರ ಕಟ್ಟಿರುವುದು ಖಚಿತವಾದ ಮೇಲೆಯೇ ಶುದ್ಧೀಕರಣದ ಆಜ್ಞೆ ಕೊಡತಕ್ಕದ್ದು. ಒಮ್ಮೆ ಕೊಟ್ಟು ಮತ್ತೆ ಪರೀಕ್ಷೆಯ ಹಾಳೆಯನ್ನು ತೆಗೆದು ನೋಡಬೇಕು. ಎರಡು ಮೂರು ಸಲಕ್ಕೂ ಗುಣ ಕಾಣದಿದ್ದರೆ ಅಲ್ಲಿಗೇ ನಿಲ್ಲಿಸಿ, ಯಂತ್ರವನ್ನು ಆರಿಸಿ, ಒಂದು ರಾತ್ರಿ ಸುಮ್ಮನೆ ಬಿಡುವುದು ಮೇಲು. ಒಣಗಿ ಕುಳಿತ ಶಾಯಿ ಹೊಸ ಶಾಯಿಯ ತೇವಕ್ಕೆ ನೆನೆದು ಸಡಿಲಾಗಲು ಹೊತ್ತು ಬೇಕು. ಬೆಳಗಾದ ಮೇಲೆ ಒಂದೇ ಶುದ್ಧೀಕರಣಕ್ಕೆ ದಾರಿ ಬಿಡುವುದುಂಟು. ಶಾಯಿಯ ತೊಟ್ಟಿಯುಳ್ಳ ಯಂತ್ರವಾದರೆ ತೊಟ್ಟಿಯ ಮಟ್ಟ ಕೆಳಗೆರೆಗಿಂತ ಇಳಿದಿದೆಯೇ ಎಂಬುದನ್ನೂ ನೋಡಬೇಕು. ಇಳಿದಿದ್ದರೆ ಕೊಳವೆಗಳಲ್ಲಿ ಗಾಳಿ ಸೇರಿ ಬಣ್ಣ ನಡುನಡುವೆ ಕಡಿದುಹೋಗುತ್ತದೆ. ಹೆಡ್ಡು ಕಾರ್ಟ್ರಿಜ್ಜಿನಲ್ಲಿಯೇ ಕೂಡಿಕೊಂಡಿರುವ ಯಂತ್ರಗಳಲ್ಲಿ ಕಾರ್ಟ್ರಿಜ್ಜನ್ನು ಬದಲಿಸಿದರೆ ಹೆಡ್ಡೂ ಹೊಸದಾಗುತ್ತದೆ. ಹೆಡ್ಡು ಯಂತ್ರಕ್ಕೇ ಅಂಟಿಕೊಂಡಿರುವ ಬಗೆಯಲ್ಲಿ ಆ ಅನುಕೂಲವಿಲ್ಲ. ಆದುದರಿಂದ ಸಿರಿಂಜಿನಲ್ಲಿ ಸ್ಪಿರಿಟ್ಟು ತುಂಬಿ ಒಳಕ್ಕೊತ್ತುವ ಸಾಹಸಗಳನ್ನು ವಾರಂಟಿಯ ಅವಧಿ ಮುಗಿಯದ ಯಂತ್ರದ ಮೇಲೆ ಯಾರೂ ಮಾಡದಿರುವುದೇ ಕ್ಷೇಮ.

ಈ ಕಾಯಿಲೆಯ ಬೇರು ಎಷ್ಟೋ ಮನೆಗಳಲ್ಲಿ ಗೋಡೆಯ ಸ್ವಿಚ್ಚಿನಲ್ಲಿದೆ. ಕೆಲಸ ಮುಗಿದೊಡನೆ ದೀಪವಾರಿಸಿದಂತೆ ಗೋಡೆಯ ಸ್ವಿಚ್ಚನ್ನೇ ಆರಿಸುವುದು ಮಿತವ್ಯಯದ ಅಭ್ಯಾಸ, ಸರಿ. ಆದರೆ ಪ್ರಿಂಟರಿಗೆ ಅದು ಸಲ್ಲದು. ಯಂತ್ರದ ಮೈಮೇಲಿರುವ ಗುಂಡಿಯನ್ನು ಒತ್ತಿ ಆರಿಸಿದಾಗ ಹೆಡ್ಡು ತನ್ನ ಗೂಡಿಗೆ ಹಿಂದಿರುಗಿ, ರಬ್ಬರಿನ ಮುಚ್ಚಳದ ಮೇಲೆ ಕುಳಿತುಕೊಳ್ಳುತ್ತದೆ. ಗೋಡೆಯಲ್ಲಿ ಆರಿಸಿದರೆ ಅಥವಾ ನಡುವೆ ಕರೆಂಟು ಹೋದರೆ ಅದು ನಡುದಾರಿಯಲ್ಲಿಯೇ ನಿಂತು, ಬಾಯಿ ತೆರೆದುಕೊಂಡು ಒಣಗುತ್ತದೆ. ಕರೆಂಟು ಬಂದ ಮೇಲೆ ಯಂತ್ರವನ್ನು ಒಮ್ಮೆ ಹೊತ್ತಿಸಿ, ಅದರ ಗುಂಡಿಯಿಂದಲೇ ಆರಿಸಿದರೆ ಈ ದೋಷ ತಪ್ಪುತ್ತದೆ. ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಎಲ್ಲ ಬಣ್ಣಗಳೂ ಇರುವ ಒಂದು ಸಣ್ಣ ಚಿತ್ರವನ್ನು ಸಾದಾ ಹಾಳೆಯ ಮೇಲೆ ಮುದ್ರಿಸುತ್ತಿದ್ದರೆ ರಂಧ್ರಗಳು ಹಸಿಯಾಗಿಯೇ ಇರುತ್ತವೆ. ಅದಕ್ಕೆ ತಗಲುವ ಶಾಯಿ, ಶುದ್ಧೀಕರಣಕ್ಕೆ ತಗಲುವುದರ ಮುಂದೆ ಅತ್ಯಲ್ಪ.

ಪರೀಕ್ಷೆಯ ಹಾಳೆ ನಿರ್ದೋಷವಾಗಿ ಬಂದಿತೆನ್ನೋಣ. ಆಗ ಯಂತ್ರವನ್ನು ಬಿಟ್ಟು ಕೈ ಕಾಗದದ ಕಡೆಗೆ ಹೋಗಬೇಕು. ಇಲ್ಲಿಯೇ ಹೆಚ್ಚು ಜನ ಎಡವುವುದು.

ಮೈಸೂರಿನ ಒಂದು ಮನೆಯನ್ನು ಊಹಿಸಿಕೊಳ್ಳಬಹುದು. ಇಂಥ ಮನೆಗಳು ಊರೂರಿನಲ್ಲಿಯೂ ಉಂಟು. ತಾಯಿ ತೀರಿಕೊಂಡು ವರ್ಷ ತುಂಬುತ್ತ ಬಂದಿದೆ. ವರ್ಷಾಂತಿಕಕ್ಕೆ ಬಂಧುಗಳು ನೆರೆಯುವ ಮೊದಲು ನಡುಮನೆಯ ಗೋಡೆಗೆ ಅವರದೊಂದು ಭಾವಚಿತ್ರವಾಗಬೇಕೆಂದು ಮಗನ ಆಸೆ. ಮುಖ ನೆಟ್ಟಗೆ ಕಾಣುವ ಚಿತ್ರ ಒಂದೇ ಒಂದು: ಶಿವಮೊಗ್ಗದ ಮದುವೆಯೊಂದರಲ್ಲಿ ಮಗಳು ತನ್ನ ಫೋನಿನಲ್ಲಿ ತೆಗೆದು, ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ್ದು. ಅದರಲ್ಲಿ ಎಂಟು ಜನರ ನಡುವೆ ತಾಯಿ ನಿಂತಿದ್ದಾರೆ. ಮಗ ಆ ಮುಖವನ್ನಷ್ಟೇ ಕತ್ತರಿಸಿಕೊಂಡು, ಅಂಗಡಿಯಿಂದ ೧೮೦ ಜಿಎಸ್‌ಎಂ ಹೊಳಪಿನ ಕಾಗದದ ಕಟ್ಟನ್ನು ತಂದು, ಎ-೪ ಅಳತೆಗೆ ಮುದ್ರಿಸುತ್ತಾನೆ. ಕೂದಲು ಕರಿಯ ಕೆಸರಿನಂತೆ ಬಂದಿದೆ. ಬೆರಳು ತಾಗಿದರೆ ಕಪ್ಪು ಬೆರಳಿಗೇ ಬರುತ್ತದೆ. ಮುಖದ ಮೇಲೆ ಮರಳು ಎರಚಿದಂತೆ ಚುಕ್ಕೆಗಳು. “ಇದು ಅತ್ತೆಯವರ ಮುಖವೇ ಅಲ್ಲಾರೀ,” ಎನ್ನುತ್ತಾಳೆ ಸೊಸೆ. ನಾಲ್ಕು ಬಾರಿ ಶುದ್ಧೀಕರಣವಾಗುತ್ತದೆ, ಐದು ಹಾಳೆ ಹಾಳಾಗುತ್ತವೆ. ಆಮೇಲೆ ಯಾರೋ ಹೇಳಿದ ಮೇಲೆ ರಂಧ್ರಗಳ ಪರೀಕ್ಷೆ ಮಾಡಿದರೆ ಒಂದು ಗೆರೆಯೂ ಕಡಿದಿಲ್ಲ!

ದೋಷವಿದ್ದುದು ಒಂದು ಸಣ್ಣ ಪಟ್ಟಿಯಲ್ಲಿ. ಮುದ್ರಿಸುವ ಮುನ್ನ ಕಾಣಿಸಿಕೊಳ್ಳುವ ‘ಪೇಪರ್ ಟೈಪ್’ ಎಂಬಲ್ಲಿ ‘ಪ್ಲೇನ್ ಪೇಪರ್’ ಎಂಬುದು ಹಿಂದಿನಿಂದಲೂ ಹಾಗೆಯೇ ಉಳಿದಿತ್ತು. ಯಂತ್ರಕ್ಕೆ ಕಣ್ಣಿಲ್ಲ, ತಟ್ಟೆಯಲ್ಲಿ ಇಟ್ಟಿರುವುದು ಹೊಳಪಿನ ಕಾಗದವೋ ಲೆಕ್ಕದ ಪುಸ್ತಕದ ಹಾಳೆಯೋ ಮನೆಯ ಬಹುಪಾಲು ಯಂತ್ರಗಳಿಗೆ ತಾವಾಗಿ ತಿಳಿಯುವುದಿಲ್ಲ. ಆ ಪಟ್ಟಿಯಲ್ಲಿ ಆರಿಸಿದ ಒಂದು ಮಾತಿನಿಂದ ಎಷ್ಟು ಶಾಯಿ ಸುರಿಯಬೇಕು, ಹೆಡ್ಡು ಎಷ್ಟು ನಿಧಾನವಾಗಿ ನಡೆಯಬೇಕು, ಬಣ್ಣಗಳನ್ನು ಯಾವ ಪ್ರಮಾಣದಲ್ಲಿ ಬೆರೆಸಬೇಕು ಎಂಬುದೆಲ್ಲ ನಿರ್ಧಾರವಾಗುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಕಪ್ಪು ಯಾವುದೆಂಬುದು ನಿರ್ಧಾರವಾಗುತ್ತದೆ. ಮನೆಯ ಎಷ್ಟೋ ಯಂತ್ರಗಳಲ್ಲಿ ಕಪ್ಪು ಶಾಯಿ ಬಣ್ಣದ ಶಾಯಿಗಳ ಜಾತಿಯದಲ್ಲ. ಬಣ್ಣದ ಶಾಯಿ ನೀರಿನಲ್ಲಿ ಸಕ್ಕರೆಯಂತೆ ಪೂರಾ ಕರಗಿದ ಬಣ್ಣ; ಕಪ್ಪು ಶಾಯಿಯಾದರೋ ಕಾಡಿಗೆಯಂತೆ ನುಣ್ಣನೆಯ ಪುಡಿ ತೇಲುವ ದ್ರವ. ಅಕ್ಷರಗಳಿಗೆ ಈ ಪುಡಿಯ ಕಪ್ಪು ಬಹಳ ಚೆನ್ನು. ಸಾದಾ ಹಾಳೆಯ ನಾರಿನಲ್ಲಿ ಸಿಕ್ಕಿಕೊಂಡು ಗಾಢವಾಗಿ ನಿಲ್ಲುತ್ತದೆ. ಹೊಳಪಿನ ಕಾಗದದ ನುಣುಪು ಮೈಯಲ್ಲಿ ಅದಕ್ಕೆ ನೆಲೆಯಿಲ್ಲ; ಮೇಲೆಯೇ ಕುಳಿತು, ಕೈಗೆ ಹತ್ತುತ್ತದೆ. ‘ಗ್ಲಾಸಿ’ ಎಂದು ಆರಿಸಿದರೆ ಇಂಥ ಯಂತ್ರ ಆ ಕಪ್ಪನ್ನು ಬದಿಗಿರಿಸಿ, ಮೂರು ಬಣ್ಣಗಳನ್ನು ಬೆರೆಸಿಯೋ ಬೇರೆಯ ಫೋಟೋ ಕಪ್ಪಿನಿಂದಲೋ ಕೂದಲನ್ನು ಬರೆಯುತ್ತದೆ.

ಹಾಗಾಗಿ ಕಾಗದದ ಕಟ್ಟಿನ ಮೇಲೆ ಬರೆದಿರುವ ಜಾತಿಯನ್ನೇ ಪಟ್ಟಿಯಲ್ಲಿ ಹುಡುಕಿ ಆರಿಸಬೇಕು. ಅದೇ ಹೆಸರು ಇಲ್ಲದಿದ್ದರೆ ಅದಕ್ಕೆ ಹತ್ತಿರವಾದುದು. ಅದರ ಕೆಳಗಿನ ‘ಕ್ವಾಲಿಟಿ’ ಎಂಬುದನ್ನು ‘ಹೈ’ಗೆ ಏರಿಸಬೇಕು, ಒಂದು ಚಿತ್ರಕ್ಕೆ ಕೆಲವು ನಿಮಿಷ ಹೆಚ್ಚು ಹಿಡಿದರೆ ಗಂಟು ಹೋಗುವುದೇನೂ ಇಲ್ಲ. ಹೆಡ್ಡು ಹೋಗುವಾಗಲೂ ಬರುವಾಗಲೂ ಶಾಯಿ ಸುರಿಸುವ ‘ಹೈಸ್ಪೀಡ್’ ಎಂಬ ಗುರುತಿದ್ದರೆ ಅದನ್ನು ತೆಗೆದುಹಾಕಬೇಕು. ಅಂಚುಗಳು ಎರಡೆರಡಾಗಿ ಕಾಣುವುದು ಬಹುಮಟ್ಟಿಗೆ ಇದರಿಂದ, ಇಲ್ಲವೆ ಹೆಡ್ಡಿನ ಜೋಡಣೆ ತುಸು ತಪ್ಪಿರುವುದರಿಂದ. ನಿರ್ವಹಣೆಯ ಪಟ್ಟಿಯಲ್ಲಿಯೇ ಇರುವ ‘ಅಲೈನ್‌ಮೆಂಟ್’ ಆ ಎರಡನೆಯದಕ್ಕೆ ಮದ್ದು. ಫೋನಿನಿಂದ ನೇರವಾಗಿ ಮುದ್ರಿಸುವವರಿಗೆ ಒಂದು ಎಚ್ಚರಿಕೆ: ಫೋನಿನ ಸಾಮಾನ್ಯ ಮುದ್ರಣದ ಪುಟದಲ್ಲಿ ಈ ಆಯ್ಕೆಗಳೆಲ್ಲ ಕಾಣಿಸದೆ ಹೋಗಬಹುದು. ಪ್ರಿಂಟರಿನ ತಯಾರಕರದೇ ಆದ ಆ್ಯಪಿನಲ್ಲಿಯೋ ಕಂಪ್ಯೂಟರಿನಲ್ಲಿಯೋ ಅವು ಸಿಕ್ಕುತ್ತವೆ.

ಕಾಗದಕ್ಕೆ ಮುಖ ಬೆನ್ನುಗಳುಂಟು. ಫೋಟೋ ಕಾಗದದ ಒಂದು ಮೈಗೆ ಮಾತ್ರ ಶಾಯಿ ಹೀರುವ ಲೇಪವಿರುವುದು ಸಾಮಾನ್ಯ. ಹೊಳಪಿನದಾದರೆ ನೋಡಿದೊಡನೆ ತಿಳಿದೀತು. ಹೊಳಪಿಲ್ಲದ ಮ್ಯಾಟ್ ಕಾಗದದಲ್ಲಿ ತಿಳಿಯುವುದು ಕಷ್ಟ. ಬೆರಳ ತುದಿಯನ್ನು ತುಸು ತೇವ ಮಾಡಿ ಕಾಗದದ ಒಂದು ಮೂಲೆಗೆ ಒತ್ತಿದರೆ, ಲೇಪವಿರುವ ಮೈ ಬೆರಳಿಗೆ ಅಂಟುವಂತೆ ತೋರುತ್ತದೆ. ಜಿಎಸ್‌ಎಂ ಎಂಬುದು ಕಾಗದದ ತೂಕವೇ ಹೊರತು ಗುಣದ ಅಳತೆಯಲ್ಲ. ೨೭೦ರದೆಲ್ಲ ೧೮೦ರದಕ್ಕಿಂತ ಚಿತ್ರವನ್ನು ಚೆನ್ನಾಗಿ ಮೂಡಿಸುತ್ತದೆಂಬುದು ಭ್ರಮೆ. ಲೇಸರ್ ಯಂತ್ರಕ್ಕೆಂದು ಮಾಡಿದ ಹೊಳಪಿನ ಹಾಳೆ ಇಂಕ್‌ಜೆಟ್ಟಿಗೆ ಒಗ್ಗುವುದಿಲ್ಲ. ಅದರ ಮೇಲೆ ಶಾಯಿ ಕೆಸುವಿನೆಲೆಯ ಮೇಲಿನ ನೀರಿನಂತೆ ಮುತ್ತುಗಟ್ಟುತ್ತದೆ. ಕಟ್ಟನ್ನು ಒಡೆದ ಮೇಲೆ ಉಳಿದ ಹಾಳೆಗಳನ್ನು ಅದೇ ಪ್ಲಾಸ್ಟಿಕ್ ಹೊದಿಕೆಯಲ್ಲಿ ಬಿಗಿಯಾಗಿ ಮುಚ್ಚಿಡಬೇಕು. ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲದಲ್ಲಿ ಬಿಚ್ಚಿಟ್ಟ ಹಾಳೆ ಗಾಳಿಯ ತೇವ ಹೀರಿ ಬಾಗುತ್ತದೆ. ಬಾಗಿದ ಅಂಚಿಗೆ ಹೆಡ್ಡು ಉಜ್ಜಿ ಮಸಿಯ ಗೀಟು ಬೀಳುತ್ತದೆ, ಶಾಯಿ ಒಣಗುವುದೂ ತಡ.

ಮೈಸೂರಿನ ಮಗ ‘ಗ್ಲಾಸಿ’ ಎಂದು ಆರಿಸಿ ಮುದ್ರಿಸಿದ ಮೇಲೆ ಕೂದಲು ಕೂದಲಾಯಿತು, ಕಪ್ಪು ಕೈಗೆ ಹತ್ತಲಿಲ್ಲ. ಆದರೂ ಮುಖ ಮುಖವಾಗಲಿಲ್ಲ. ಕಣ್ಣಿನ ರೆಪ್ಪೆಗಳಿಲ್ಲ, ಹಣೆಯ ಕುಂಕುಮದ ಅಂಚು ಕದಡಿದೆ, ಮೂಗುಬೊಟ್ಟು ಒಂದು ಬಿಳಿಯ ಚೌಕ. ಇದು ಯಂತ್ರದ ತಪ್ಪೂ ಅಲ್ಲ, ಕಾಗದದ ತಪ್ಪೂ ಅಲ್ಲ. ಚಿತ್ರದಲ್ಲಿ ಇಲ್ಲದುದನ್ನು ಶಾಯಿ ಎಲ್ಲಿಂದ ತಂದೀತು?

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ. ಫೋನಿನ ಚಿತ್ರವೆಂದರೆ ಚುಕ್ಕೆಗಳ ರಂಗೋಲಿ. ಆ ಚುಕ್ಕೆಗಳಿಗೆ ಪಿಕ್ಸೆಲ್ ಎಂದು ಹೆಸರು. ಕೈಯಲ್ಲಿ ಹಿಡಿದು ನೋಡುವ ಚಿತ್ರ ಸ್ಫುಟವಾಗಿರಬೇಕಾದರೆ ಅಂಗುಲಕ್ಕೆ ೩೦೦ ಪಿಕ್ಸೆಲ್ ಇರುವುದು ಲೇಸು. ಗೋಡೆಯ ಚಿತ್ರವನ್ನು ನಾಲ್ಕಡಿ ದೂರದಿಂದ ನೋಡುವುದರಿಂದ ೧೮೦ ಇದ್ದರೂ ನಡೆಯುತ್ತದೆ. ನಾಲ್ಕು ಅಂಗುಲಕ್ಕೆ ಆರು ಅಂಗುಲದ ಚಿತ್ರಕ್ಕೆ ೧೨೦೦ಕ್ಕೆ ೧೮೦೦ ಪಿಕ್ಸೆಲ್ ಸಾಕು. ಎ-೪ ತುಂಬಬೇಕಾದರೆ ೨೪೮೦ಕ್ಕೆ ೩೫೦೮ ಬೇಕು. ಯಂತ್ರದ ಪೆಟ್ಟಿಗೆಯ ಮೇಲೆ ೪೮೦೦, ೫೭೬೦ ಎಂದು ದೊಡ್ಡದಾಗಿ ಅಚ್ಚಾಗಿರುವ ಡಿಪಿಐ ಅಂಕೆಗಳನ್ನು ಕಂಡು ಮರುಳಾಗಬಾರದು. ಅವು ಶಾಯಿಯ ಹನಿಗಳನ್ನು ಎಷ್ಟು ಒತ್ತಾಗಿ ಇಡಬಲ್ಲದೆಂಬುದರ ಲೆಕ್ಕ. ಒಂದೊಂದು ಪಿಕ್ಸೆಲಿನ ಬಣ್ಣವನ್ನು ಹೊಂದಿಸಲು ಅನೇಕ ಹನಿಗಳು ಬೇಕಾಗುತ್ತವೆ.

ಮಗಳ ಫೋನು ತೆಗೆದಾಗ ಚಿತ್ರ ೪೦೦೦ಕ್ಕೆ ೩೦೦೦ ಪಿಕ್ಸೆಲ್ ಇತ್ತೆಂದು ಇಟ್ಟುಕೊಳ್ಳೋಣ. ವಾಟ್ಸ್‌ಆ್ಯಪ್ ಫೋಟೋಗಳನ್ನು ಸಾಮಾನ್ಯ ರೀತಿಯಲ್ಲಿ ಕಳುಹಿಸಿದಾಗ ಸಾಗಣೆ ಹಗುರಾಗಲೆಂದು ಅವುಗಳನ್ನು ಕುಗ್ಗಿಸುತ್ತದೆ. ಅದು ೧೬೦೦ಕ್ಕೆ ೧೨೦೦ ಆಗಿ ಬಂದಿದ್ದರೆ, ಎಂಟು ಜನರ ನಡುವಿನಿಂದ ಕತ್ತರಿಸಿ ತೆಗೆದ ತಾಯಿಯ ಮುಖಕ್ಕೆ ದಕ್ಕಿದ್ದು ಬಹಳವೆಂದರೆ ೪೦೦ಕ್ಕೆ ೫೦೦. ಅದನ್ನು ಎ-೪ಗೆ ಎಳೆದರೆ ಅಂಗುಲಕ್ಕೆ ಐವತ್ತು ಪಿಕ್ಸೆಲ್ ಕೂಡ ಇಲ್ಲ. ಒಂದು ಸೇರು ಹಿಟ್ಟಿನಲ್ಲಿ ಊರಿಗೆಲ್ಲ ದೋಸೆ ಹುಯ್ದಂತಾಯಿತು.

ಈ ಹಂತದಲ್ಲಿ ಇಂದಿನ ಕಾಲ ಒಡ್ಡುವ ಆಮಿಷವೊಂದಿದೆ. ಮಸುಕಾದ ಮುಖವನ್ನು ಕ್ಷಣದಲ್ಲಿ ಸ್ಫುಟಗೊಳಿಸಿಕೊಡುವ ಆ್ಯಪುಗಳು ಬೇಕಾದಷ್ಟು ಬಂದಿವೆ. ಅವು ಕೊಡುವ ಫಲ ಕಣ್ಣು ಕೋರೈಸುತ್ತದೆ. ರೆಪ್ಪೆಗಳು ಒಂದೊಂದೂ ಕಾಣುತ್ತವೆ, ಚರ್ಮ ಮೃದುವಾಗುತ್ತದೆ. ಆದರೆ ಆ ರೆಪ್ಪೆ ಆ ತಾಯಿಯದಲ್ಲ. ಬೇರೆ ಲಕ್ಷಾಂತರ ಮುಖಗಳನ್ನು ನೋಡಿ ಕಲಿತ ಯಂತ್ರ ತನ್ನ ಊಹೆಯಿಂದ ತುಂಬಿದ್ದು. ತುಟಿಯ ಅಂಚಿನ ಸಣ್ಣ ಮಚ್ಚೆ ಮಾಯವಾಗಿರಬಹುದು, ಒಂದು ಹುಬ್ಬು ಇನ್ನೊಂದಕ್ಕಿಂತ ತುಸು ಮೇಲಿದ್ದುದು ಸಮನಾಗಿರಬಹುದು. ಮದುವೆಯ ಮಂಟಪದ ಚಿತ್ರಕ್ಕೆ ಇದು ನಡೆದೀತು. ಮೊಮ್ಮಕ್ಕಳು ಮುಂದೆ ‘ಅಜ್ಜಿ ಹೀಗಿದ್ದರು’ ಎಂದು ನೋಡಬೇಕಾದ ಮುಖಕ್ಕೆ ಸಲ್ಲುವುದಿಲ್ಲ.

ಸರಿಯಾದ ದಾರಿ ಶಿವಮೊಗ್ಗದ ಕಡೆಗಿತ್ತು. ಮೂಲಚಿತ್ರ ಮಗಳ ಹಳೆಯ ಫೋನಿನಲ್ಲಿಯೇ ಇತ್ತು. ಆ ಫೋನನ್ನು ಅಂಗಡಿಗೆ ಕೊಟ್ಟು ಹೊಸದನ್ನು ಕೊಳ್ಳುವುದೆಂದು ಮುಂದಿನ ವಾರಕ್ಕೆ ನಿಶ್ಚಯವಾಗಿತ್ತು. “ಅಣ್ಣ, ಗುಂಪಿಗೆ ಕಳಿಸಿದೀನಲ್ಲ, ಅದೇ ಇದು,” ಎಂಬುದು ತಂಗಿಯ ಮಾತು. ಅದೇ ಅಲ್ಲವೆಂದು ತಿಳಿಸಿ ಹೇಳಿ, ಚಿತ್ರವನ್ನು ಫೋಟೋ ಎಂದಲ್ಲದೆ ‘ಡಾಕ್ಯುಮೆಂಟ್’ ಎಂದು ಕಳುಹಿಸಿಕೊಂಡರೆ ಅದು ಕುಗ್ಗದೆ ಬರುತ್ತದೆ. ೨೦೨೩ರಲ್ಲಿ ವಾಟ್ಸ್‌ಆ್ಯಪಿಗೆ ‘ಎಚ್‌ಡಿ’ ಎಂಬ ಆಯ್ಕೆಯೂ ಬಂದಿತು. ಅದು ಸಾಮಾನ್ಯ ರೀತಿಗಿಂತ ಮೇಲು, ಆದರೂ ಮೂಲಕ್ಕೆ ಸಮವಲ್ಲ. ಈಮೇಲಿನಲ್ಲಿ ಜೊತೆಗೂಡಿಸಿ ಕಳುಹಿಸುವುದೂ ಒಳ್ಳೆಯದೇ. ಮೂಲದಿಂದ ಕತ್ತರಿಸಿದ ಮುಖಕ್ಕೆ ೧೦೦೦ಕ್ಕೆ ೧೨೫೦ ಪಿಕ್ಸೆಲ್ ದಕ್ಕುತ್ತದೆ. ಇದೂ ಎ-೪ಗೆ ಸಾಲದು. ಆದರೆ ಐದು ಅಂಗುಲಕ್ಕೆ ಏಳು ಅಂಗುಲದ ಚಿತ್ರಕ್ಕೆ ಅಂಗುಲವೊಂದಕ್ಕೆ ಸುಮಾರು ೧೮೦ ಬಿದ್ದಂತಾಯಿತು. ಚಿತ್ರ ಚಿಕ್ಕದಾಯಿತೆಂದು ಕೊರಗಬೇಕಾಗಿಲ್ಲ. ಅಗಲವಾದ ಬಿಳಿಯ ಅಂಚುಕಟ್ಟಿನ ನಡುವೆ ಕೂರಿಸಿದ ಚಿಕ್ಕ ಚಿತ್ರಕ್ಕೆ, ಚೌಕಟ್ಟು ತುಂಬಿದ ಮಸುಕು ಚಿತ್ರಕ್ಕಿಲ್ಲದ ಗಾಂಭೀರ್ಯವಿದೆ. ರೆಪ್ಪೆಗಳು ಕಂಡುವು, ಮೂಗುಬೊಟ್ಟಿನ ಹರಳುಗಳನ್ನು ಸೊಸೆ ಎಣಿಸಿದಳು.

ಆಲ್ಬಮ್ಮಿನ ಹಳೆಯ ಫೋಟೋಗಳಿಗೆ ದಾರಿ ಬೇರೆ. ಅವನ್ನು ಫೋನಿನಲ್ಲಿ ಹಿಡಿದರೆ ಕಿಟಕಿಯ ಬೆಳಕು ಹೊಳೆದು ಮುಖ ಅಳಿಸ��ಹೋಗುತ್ತದೆ. ಅನೇಕ ಮನೆಗಳ ಪ್ರಿಂಟರಿನ ನೆತ್ತಿಯ ಮೇಲೆಯೇ ಗಾಜಿನ ಸ್ಕ್ಯಾನರಿದೆ. ಅದರಲ್ಲಿ ಅಂಗುಲಕ್ಕೆ ೬೦೦ ಎಂದು ನಿಗದಿಪಡಿಸಿ ಸ್ಕ್ಯಾನ್ ಮಾಡುವುದು ಉತ್ತಮ. ೧೯೬೦ರ ದಶಕದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಬಳಕೆಯಲ್ಲಿದ್ದ ಆಗ್ಫಾ ಕ್ಲಿಕ್ ಥ್ರೀ ಕ್ಯಾಮೆರಾದ ಆರು ಸೆಂಟಿಮೀಟರ್ ಚೌಕದ ಚಿತ್ರ ಕೂಡ ಇದರಿಂದ ಸುಮಾರು ೧೪೦೦ ಪಿಕ್ಸೆಲ್ ಅಗಲವಾಗಿ, ನಾಲ್ಕೂವರೆ ಅಂಗುಲಕ್ಕೆ ನಿರಾತಂಕವಾಗಿ ಹಿಗ್ಗುತ್ತದೆ. ಇಂಥ ಕಪ್ಪುಬಿಳುಪು ಚಿತ್ರಗಳನ್ನು ನಾಲ್ಕು ಶಾಯಿಯ ಯಂತ್ರದಲ್ಲಿ ಮುದ್ರಿಸಿದಾಗ ಬೂದುಬಣ್ಣಕ್ಕೆ ಹಸಿರಿನ ಅಥವಾ ಗುಲಾಬಿಯ ಛಾಯೆ ಬರುವುದುಂಟು. ಬೂದನ್ನೂ ಅದು ಬಣ್ಣಗಳಿಂದಲೇ ಕಲಸುತ್ತದೆ. ಈ ದೋಷವನ್ನು ಪೂರ್ತಿ ನೀಗುವುದು ಕಷ್ಟ. ಚಿತ್ರಕ್ಕೆ ಮೊದಲೇ ತುಸು ಕಂದು ಛಾಯೆ ಕೊಟ್ಟು ಮುದ್ರಿಸಿದರೆ ಆ ವಿಕಾರ ಕಣ್ಣಿಗೆ ಬೀಳುವುದಿಲ್ಲ. ಹಳೆಯ ಚಿತ್ರಕ್ಕೆ ಅದು ಒಪ್ಪುತ್ತದೆ ಕೂಡ.

ಚಿತ್ರ ಸ್ಫುಟವಾಗಿದೆ, ಆದರೆ ಕತ್ತಲಾಗಿದೆ ಎಂಬ ದೂರು ಉಳಿಯಿತು. ಫೋನಿನ ಪರದೆ ತಾನೇ ಬೆಳಗುವ ದೀಪ. ಕಾಗದ ಕೋಣೆಯ ಬೆಳಕನ್ನು ಹಿಂದಿರುಗಿಸಬಲ್ಲದಷ್ಟೆ. ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ ನೋಡಿದರೆ ಕಾಗದದ ಮೇಲೆ ಬರಲಿರುವ ಮುಖದ ಅಂದಾಜು ಸಿಕ್ಕುತ್ತದೆ. ಸ್ಟುಡಿಯೋಗಳ ಕತ್ತಲೆಕೋಣೆಯಲ್ಲಿ ಹಿಂದೆ ಕಾಗದದ ಸಣ್ಣ ಪಟ್ಟಿಯ ಮೇಲೆ ಪರೀಕ್ಷೆ ಮಾಡಿ ಆಮೇಲೆ ದೊಡ್ಡ ಪ್ರತಿಯನ್ನು ತೆಗೆಯುತ್ತಿದ್ದರು. ಅದೇ ಯುಕ್ತಿ ಇಲ್ಲಿಯೂ ಸಲ್ಲುತ್ತದೆ. ಮುಖವನ್ನು ಎರಡೆರಡು ಅಂಗುಲದಷ್ಟು ಚಿಕ್ಕದು ಮಾಡಿ, ಒಂದಕ್ಕಿಂತ ಒಂದನ್ನು ತುಸು ತಿಳಿಗೊಳಿಸಿ, ನಾಲ್ಕನ್ನೂ ಒಂದೇ ಹಾಳೆಯಲ್ಲಿ ಮುದ್ರಿಸಿ, ಒಣಗಿದ ಮೇಲೆ ಹಗಲು ಬೆಳಕಿನಲ್ಲಿ ನೋಡಿ ಒಂದನ್ನು ಆರಿಸಿಕೊಳ್ಳುವುದು. ‘ಆಟೋ ಕರೆಕ್ಷನ್’, ‘ವಿವಿಡ್’ ಎಂಬ ಸಹಾಯಗಳನ್ನು ಆರಿಸಿಡುವುದು ಮೇಲು. ಅವು ಗುಲ್‌ಮೊಹರಿಗೆ ಚೆನ್ನ, ನಮ್ಮ ಜನದ ಮೈಬಣ್ಣಕ್ಕಲ್ಲ. ಬಾಟಲಿಗಳಲ್ಲಿ ಅಗ್ಗವಾಗಿ ಸಿಕ್ಕುವ ಬೇರೆ ಶಾಯಿಯೆಲ್ಲ ಕೆಟ್ಟದೆಂದಲ್ಲ, ಆದರೆ ಯಂತ್ರದ ಬಣ್ಣದ ಲೆಕ್ಕ ತನ್ನ ತಯಾರಕರ ಶಾಯಿಗೆ ಹೊಂದಿಸಿದ್ದು. ಅಕ್ಷರಗಳಿಗೆ ಯಾವುದಾದರೂ ನಡೆಯುತ್ತದೆ. ಮುಖಕ್ಕೆ ನಡೆಯುವುದು ಅನುಮಾನ.

ಇನ್ನು ಗೋಡೆಯ ಮಾತು. ಚಿತ್ರ ಮುದ್ರಣವಾದೊಡನೆ ಚೌಕಟ್ಟಿಗೆ ಸೇರಿಸುವ ಅವಸರ ಬೇಡ. ಒಂದು ಹಗಲು ಒಂದು ರಾತ್ರಿ ಬಯಲಲ್ಲಿ ಒಣಗಲಿ. ಹಸಿಯಿರುವಾಗಲೇ ಮುಚ್ಚಿದರೆ ಗಾಜಿನ ಒಳಮೈಗೆ ಮಂಜು ಕವಿಯುತ್ತದೆ. ಒಣಗಿದ ಚಿತ್ರವನ್ನು ಗಾಜಿಲ್ಲದೆ ಬಿಡುವುದೂ ತಪ್ಪು. ೨೦೦೦ದಲ್ಲಿ ಅಮೆರಿಕದ ಗ್ರಾಹಕರು ಬಹುಕಾಲ ಬಾಳುವುದೆಂದು ನಂಬಿ ಮುದ್ರಿಸಿದ ಇಂಕ್‌ಜೆಟ್ ಚಿತ್ರಗಳು ಕೆಲವೇ ವಾರಗಳಲ್ಲಿ ಕಿತ್ತಳೆ ಬಣ್ಣಕ್ಕೆ ತಿರುಗಿ ದೊಡ್ಡ ಗದ್ದಲವಾಯಿತು. ಗಾಳಿಯಲ್ಲಿದ್ದ ಓಜೋನ್, ಕಾಗದದ ಸೂಕ್ಷ್ಮರಂಧ್ರಗಳೊಳಕ್ಕೆ ನುಗ್ಗಿ ಸಯಾನ್ ಬಣ್ಣವನ್ನು ತಿಂದುಹಾಕಿತ್ತು. ಶಾಯಿಗಳು ಆಮೇಲೆ ಸುಧಾರಿಸಿದ್ದರೂ ಕರಗಿದ ಬಣ್ಣದ ಶಾಯಿಗೆ ಗಾಳಿ ಬಿಸಿಲುಗಳ ಭಯ ತಪ್ಪಿಲ್ಲ. ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಇಂಥ ಚಿತ್ರವನ್ನು ತೂಗುಹಾಕಬಾರದು.

ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಶತ್ರು ನೀರು. ತೀರಿಕೊಂಡವರ ಚಿತ್ರಕ್ಕೆ ಹೂವಿನ ಹಾರ ಹಾಕುತ್ತಾರೆ. ಹಾರ ಬಾಡದಿರಲೆಂದು ನೀರು ಚಿಮುಕಿಸುತ್ತಾರೆ. ಹಬ್ಬದ ದಿನ ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಗಂಧ ಕುಂಕುಮಗಳನ್ನಿಡುತ್ತಾರೆ. ಚೌಕಟ್ಟಿನ ಸಂದಿಯಿಂದ ಇಳಿದ ಒಂದು ಹನಿ ಸಾಕು, ಶಾಯಿ ಕರಗಿ ಸೀರೆಯ ಬಣ್ಣ ಕೆನ್ನೆಗೆ ಹರಿಯುತ್ತದೆ. ಚೌಕಟ್ಟು ಹಾಕುವವನಿಗೆ ಎರಡು ಮಾತು ಹೇಳಿದರೆ ಈ ಅನರ್ಥ ತಪ್ಪುತ್ತದೆ. ಚಿತ್ರ ಗಾಜಿಗೆ ನೇರವಾಗಿ ತಾಗದಂತೆ ನಡುವೆ ದಪ್ಪ ರಟ್ಟಿನ ಅಂಚುಕಟ್ಟು ಕೊಡಬೇಕು. ತಾಗಿದ್ದರೆ ಮಳೆಗಾಲದ ತೇವಕ್ಕೆ ಅಂಟಿಕೊಂಡು, ಬಿಡಿಸುವಾಗ ಮುಖವೇ ಕಿತ್ತುಬರುತ್ತದೆ. ಬೆನ್ನಿನ ಹಲಗೆಯ ಸುತ್ತಲೂ ಸಂದಿಯಿಲ್ಲದಂತೆ ಪಟ್ಟಿ ಅಂಟಿಸಬೇಕು. ಹಾರವನ್ನು ನೀರು ಚಿಮುಕಿಸಿ, ಹನಿ ಸೋರಿಹೋದ ಮೇಲೆ ಹಾಕುವುದು. ಮೂಲಚಿತ್ರದ ಒಂದು ಪ್ರತಿಯನ್ನು ಪೆನ್‌ಡ್ರೈವಿನಲ್ಲಿಯೂ ಇನ್ನೊಂದನ್ನು ಶಿವಮೊಗ್ಗದ ಮನೆಯಲ್ಲಿಯೂ ಇರಿಸುವುದು.